ಹಬೆಯಾಡುವ ಫ್ರೈಡ್ ರೈಸ್ ತಿಂದರೂ ವಾಂತಿ ಯಾಕೆ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾವು ಕಲಬುರಗಿಯವ್ರು. ಹೋದ ರವಿವಾರ ರಾತ್ರಿ ಒಂಬತ್ತಕ್ಕ ಮನಿಮಂದಿ ಆರೂ ಜನ ಊರಾಗಿನ ಒಂದು ದೊಡ್ಡ ಎ.ಸಿ. ಹೋಟೆಲ್‌ಗೆ ಊಟಕ್ಕ ಹೋಗಿದ್ವಿ. ನಾನು, ನಮ್ಮ ಮನಿಯವ್ರು ತಂದೂರಿ ರೊಟ್ಟಿ, ಪನೀರ್ ಮಸಾಲಾ ತಿಂದ್ವಿ. ಅತ್ತಿಯವ್ರಿಗೆ ಶುಗರ್ ಅದ, ಅವ್ರು ರೊಟ್ಟಿ, ದಾಲ್ ಅಷ್ಟೇ ತಿಂದ್ರು. ಮಕ್ಕಳಿಬ್ಬರೂ ಮೈದುನನೂ ಫ್ರೈಡ್ ರೈಸ್ ತಿಂದ್ರು. ರಾತ್ರಿ ಹನ್ನೆರಡು ಹೊಡಿಯೋದ್ರಾಗ ಆ ಮೂವರಿಗೂ ವಾಂತಿ ಶುರು ಆಯ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆರಾಮಾದ್ರು. ಮಂಗಳವಾರ ಮಧ್ಯಾಹ್ನ ನೋಡಿದ್ರ ನಮ್ಮ ಮನಿಯವ್ರಿಗೆ ಜ್ವರ, ಭೇದಿ. ಇನ್ನೂ ಪೂರಾ ಕಮ್ಮಿ ಆಗಿಲ್ಲ. ಸೋಮವಾರ ಸಂಜಿಮುಂದ ಅವ್ರು ಹೊರಗ ಐಸ್ ಹಾಕಿದ ಕಬ್ಬಿನ ಹಾಲು ಕುಡದಿದ್ರಂತ. ಫ್ರೈಡ್ ರೈಸ್ ಬಾಯಿ ಸುಡುವಷ್ಟು ಬಿಸಿ ಇತ್ರಿ, ಹಬಿ ಆಡ್ತಿತ್ತು. ಬಿಸಿ ಇದ್ದದ್ದು ತಿಂದ್ರ ಏನೂ ಆಗಂಗಿಲ್ಲ ಅಂತಾರಲ್ಲ? ಅತ್ತಿಯವ್ರು ‘ಇನ್ನ ಮ್ಯಾಲ ಹೊರಗಿನ ಊಟ ಬಂದ್’ ಅಂದಾರ. ಬಂಡಿ ಮ್ಯಾಲಿನ ಮಿರ್ಚಿ ಭಜ್ಜಿ ತಿಂದು ಎಂದೂ ಏನೂ ಆಗಿಲ್ಲ, ಇಂಥಾ ಹೋಟೆಲ್‌ನಾಗ ಹಿಂಗಾಯ್ತು ಅಂದ್ರ ಯಾರನ್ನ ನಂಬಬೇಕು? ದೂರು ಕೊಡಬೇಕಾ?

ಉತ್ತರ: ಮೊದಲು ನಿಮ್ಮ ಮನೆಯವರ ಮಾತು, ಉಳಿದದ್ದು ಆಮೇಲೆ. ಜ್ವರದ ಜೊತೆ ಭೇದಿ ಎರಡು ದಿನ ದಾಟಿದ್ದರೆ ಡಾಕ್ಟರಿಗೆ ತೋರಿಸಿ. ಜ್ವರ 102 ಡಿಗ್ರಿ ಮೀರಿದರೆ, ಮಲದಲ್ಲಿ ರಕ್ತ ಕಂಡರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ಎದ್ದು ನಿಂತಾಗ ತಲೆ ತಿರುಗಿದರೆ ನಾಳೆಗೆ ಅಂತ ಕಾಯಬೇಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಭೇದಿ ನಿಲ್ಲಿಸುವ ಗುಳಿಗೆ ತಂದು ನುಂಗುವುದು ಬೇಡ. ಜ್ವರವೋ ರಕ್ತವೋ ಇರುವ ಭೇದಿಯಲ್ಲಿ ಅದು ಕರುಳಿನ ಚಲನೆಯನ್ನೇ ನಿಧಾನ ಮಾಡಿ ರೋಗಾಣುವನ್ನು ಒಳಗೇ ಉಳಿಸುತ್ತದೆ. ಆಂಟಿಬಯಾಟಿಕ್ ಕೂಡ ಡಾಕ್ಟರು ಬರೆದುಕೊಟ್ಟರಷ್ಟೇ. ಅದನ್ನು ಶುರು ಮಾಡುವ ಮೊದಲೇ ಮಲಪರೀಕ್ಷೆಗೆ ಮಾದರಿ ಕೊಟ್ಟರೆ ಬಹಳ ಒಳ್ಳೆಯದು. ಔಷಧ ಒಳಗೆ ಹೋದ ಮೇಲೆ ಯಾವ ರೋಗಾಣು ಎಂದು ಪತ್ತೆ ಹಚ್ಚುವುದು ಕಷ್ಟ.

ಓಆರ್‌ಎಸ್ ಕುಡಿಸುತ್ತಿರಿ. ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ 1 ಲೀಟರ್ ನೀರಿಗೇ ಕಲಸಬೇಕು, ಒಂದು ಲೋಟಕ್ಕೆ ಅರ್ಧ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ತೊಂದರೆಯಾಗುತ್ತದೆ. ಪೊಟ್ಟಣ ಸಿಗದ ರಾತ್ರಿಯಲ್ಲಿ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಕೋಲ್ಡ್ರಿಂಕ್ಸು, ಡಬ್ಬಿ ಜ್ಯೂಸು ಕೊಡಬೇಡಿ, ಅದರ ಸಕ್ಕರೆ ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ. ಮಜ್ಜಿಗೆ, ಗಂಜಿ, ಮೆತ್ತಗಿನ ಅನ್ನ ತಿನ್ನಲಿ. ಉಪವಾಸ ಕೆಡವಬೇಡಿ.

ಈಗ ನಿಮ್ಮ ಪ್ರಶ್ನೆ. ನೀವು ಯಾರು ಏನು ತಿಂದರು, ಯಾವಾಗ ಏನಾಯಿತು ಎಂದು ಒಂದೊಂದಾಗಿ ಬರೆದದ್ದು ನನಗೆ ಬಹಳ ಉಪಕಾರವಾಯಿತು. ಬಹುತೇಕರು ‘ಹೋಟೆಲ್ ಊಟ ತಿಂದು ಹೊಟ್ಟೆ ಕೆಟ್ಟಿತು’ ಎಂದಷ್ಟೇ ಹೇಳುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಪತ್ರದಲ್ಲಿ ಉತ್ತರದ ಅರ್ಧ ಭಾಗ ಇದ್ದೇ ಇದೆ. ಒಂದೇ ಮೇಜಿಗೆ ಕುಳಿತ ಆರು ಜನರಲ್ಲಿ ಫ್ರೈಡ್ ರೈಸ್ ತಿಂದ ಮೂವರಿಗೂ ವಾಂತಿ, ತಿನ್ನದ ಮೂವರಲ್ಲಿ ಆ ರಾತ್ರಿ ಒಬ್ಬರಿಗೂ ಇಲ್ಲ. ಊಟಕ್ಕೂ ವಾಂತಿಗೂ ನಡುವೆ ಸುಮಾರು ಮೂರು ಗಂಟೆ. ಜ್ವರ ಬಂದಿಲ್ಲ, ಒಂದು ದಿನದೊಳಗೆ ಆರಾಮ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಾಡುವ ವಿಷದ ಲಕ್ಷಣ ಹೆಚ್ಚುಕಡಿಮೆ ಹೀಗೇ ಇರುತ್ತದೆ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ, 24 ಗಂಟೆಯೊಳಗೆ ಮುಕ್ತಾಯ. ಅಡುಗೆಯವರ ಕೈಯಿಂದ ಬರುವ ಸ್ಟ್ಯಾಫಿಲೋಕಾಕಸ್ ಕೂಡ ಇಷ್ಟೇ ಬೇಗ ವಾಂತಿ ಮಾಡಿಸುತ್ತದೆ. ಅನ್ನ ಎಂದ ಕೂಡಲೇ ನನ್ನ ಅನುಮಾನ ಮೊದಲನೆಯದರ ಮೇಲೆ ಹೋಗುತ್ತದೆ.

ಬಾಯಿ ಸುಡುವಷ್ಟು ಬಿಸಿ ಇತ್ತಲ್ಲ ಎಂದಿರಿ. ಹೊರಗಿನ ಊಟದ ಬಗ್ಗೆ ನಮ್ಮ ಜನ ನಂಬಿರುವ ಅತಿ ದೊಡ್ಡ ತಪ್ಪು ಇದೇ. ಇದನ್ನು ಬಿಡಿಸಿ ಹೇಳುತ್ತೇನೆ.

ಬ್ಯಾಸಿಲಸ್ ಸೀರಿಯಸ್ ಮಣ್ಣಿನಲ್ಲಿರುವ ಜೀವಿ. ಅಕ್ಕಿಯ ಜೊತೆ ಅದರ ಬೀಜಾಣುಗಳು ಅಡುಗೆಮನೆಗೆ ಬಂದೇ ಬರುತ್ತವೆ, ನಿಮ್ಮ ಮನೆಗೂ ನಮ್ಮ ಮನೆಗೂ. ಅನ್ನ ಕುದಿಯುವಾಗ ಮಿಕ್ಕ ಬ್ಯಾಕ್ಟೀರಿಯಾ ಸಾಯುತ್ತವೆ, ಈ ಬೀಜಾಣುಗಳು ಸಾಯುವುದಿಲ್ಲ. ಮಳೆಗೆ ಕಾದು ಕುಳಿತ ತೊಗರಿ ಬೀಜದ ಹಾಗೆ ಅವು ಸುಮ್ಮನಿರುತ್ತವೆ. ಅನ್ನ ಒಲೆಯಿಂದ ಇಳಿದು ಉಗುರುಬೆಚ್ಚಗಾದಾಗ ಮೊಳೆಯುತ್ತವೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುತ್ತವೆ. ಅನುಕೂಲವಾದ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲದು ಎಂದಿಟ್ಟುಕೊಳ್ಳಿ. ಏಳು ಗಂಟೆಗೆ 21 ಸಲ. ಕೂಡಿಸಿ ನೋಡಿ, ಒಂದೇ ಒಂದು ಜೀವಿಯಿಂದ 20 ಲಕ್ಷಕ್ಕೂ ಹೆಚ್ಚು. ಹೀಗೆ ಬೆಳೆಯುತ್ತಾ ಅನ್ನದೊಳಗೆ ಸೆರುಲೈಡ್ ಎಂಬ ವಿಷವನ್ನು ಬಿಡುತ್ತವೆ. ಈ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಕಾಯಿಸಿದರೂ ಕೆಡುವುದಿಲ್ಲ. ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರುವುದು ಸುಮಾರು 120 ಡಿಗ್ರಿ. ಕಡಾಯಿಯಲ್ಲಿ ಎರಡು ನಿಮಿಷ ಜೋರು ಉರಿಯ ಮೇಲೆ ಆಡಿಸಿದರೆ ಅದಕ್ಕೇನಾಗುತ್ತದೆ? ಬ್ಯಾಕ್ಟೀರಿಯಾ ಸತ್ತಿರಬಹುದು, ಅದು ಬಿಟ್ಟುಹೋದ ವಿಷ ತಟ್ಟೆಗೆ ಬಂದೇ ಬಂತು. ವಾಸನೆ ಇಲ್ಲ, ರುಚಿ ಬದಲಾಗುವುದಿಲ್ಲ. ಮಕ್ಕಳು ಚಪ್ಪರಿಸಿಕೊಂಡು ತಿಂದಿರುತ್ತಾರೆ.

ಹಾಗಾದರೆ ಫ್ರೈಡ್ ರೈಸ್‌ನಲ್ಲೇ ಯಾಕೆ? ಅದನ್ನು ಮಾಡುವ ರೀತಿ ನೋಡಿ. ಆಗಷ್ಟೇ ಇಳಿಸಿದ ಅನ್ನವನ್ನು ಕಡಾಯಿಗೆ ಹಾಕಿದರೆ ಮುದ್ದೆಯಾಗುತ್ತದೆ, ಉದುರುದುರಾಗಿ ಬರುವುದಿಲ್ಲ. ಅದಕ್ಕೇ ಅಡುಗೆಯವರು ಮಧ್ಯಾಹ್ನಕ್ಕೆ ಮೊದಲೇ ದೊಡ್ಡ ಬೋಗಾಣಿಯಲ್ಲಿ ಅನ್ನ ಮುಕ್ಕಾಲು ಬೇಯಿಸಿ, ಬಸಿದು, ಎಣ್ಣೆ ಸವರಿ, ಅಗಲ ಟ್ರೇಗೆ ಸುರುವಿ ಒಂದು ಬಟ್ಟೆ ಮುಚ್ಚಿ ಇಡುತ್ತಾರೆ. ಇಡುವ ಜಾಗ ಬಹಳ ಸಲ ಭಟ್ಟಿಯ ಪಕ್ಕದ ಕಟ್ಟೆಯೇ. ಫ್ರಿಜ್‌ನಲ್ಲಿಟ್ಟರೆ ಗಂಟು ಕಟ್ಟುತ್ತದೆ, ಜಾಗವೂ ಸಾಲುವುದಿಲ್ಲ ಎಂಬುದು ಅವರ ಕಷ್ಟ. ಮುಂಜಾನೆ ಹನ್ನೊಂದರ ಅನ್ನ ರಾತ್ರಿ ಒಂಬತ್ತಕ್ಕೆ ನಿಮ್ಮ ತಟ್ಟೆಗೆ ಬಂದರೆ ಹತ್ತು ಗಂಟೆಯಾಯಿತು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ಸಾಲುಸಾಲಾಗಿ ವಾಂತಿಯಾದಾಗ ಈ ಬ್ಯಾಕ್ಟೀರಿಯಾದ ವಾಂತಿ ರೂಪ ಬೆಳಕಿಗೆ ಬಂತು. ಅಲ್ಲಿ ಕಂಡ ಕಾರಣವೂ ಇದೇ, ಹೊರಗೆ ಬಿಟ್ಟ ಅನ್ನ. ಅಷ್ಟು ತಂಪು ದೇಶದಲ್ಲೇ ಹಾಗಾದ ಮೇಲೆ ನಮ್ಮ ಬಿಸಿಲಿನಲ್ಲಿ ಕೇಳಬೇಕೆ?

ಹೋಟೆಲ್ ಅಡುಗೆಯವರಿಗೆ ತರಬೇತಿ ಕೊಡುವಾಗ ನಾನು ಮತ್ತೆ ಮತ್ತೆ ಒತ್ತಿ ಹೇಳುವುದು ಒಂದೇ ಮಾತು. ಅಡುಗೆ ಇಳಿಸಿದ ಮೇಲೆ, ತಟ್ಟೆಗೆ ಬಡಿಸುವ ಮೊದಲು, ನಡುವೆ ಎಷ್ಟು ಹೊತ್ತು ಕಳೆಯಿತು, ಆ ಹೊತ್ತಿನಲ್ಲಿ ಅದು ಎಷ್ಟು ಬೆಚ್ಚಗಿತ್ತು ಎಂಬುದನ್ನು ನೋಡಿಕೊಳ್ಳಿ. 5 ಡಿಗ್ರಿಗಿಂತ ತಣ್ಣಗಿದ್ದರೆ ಬಹುತೇಕ ರೋಗಾಣುಗಳ ಬೆಳವಣಿಗೆ ನಿಲ್ಲುತ್ತದೆ ಇಲ್ಲವೆ ತೀರ ನಿಧಾನವಾಗುತ್ತದೆ. 60ಕ್ಕಿಂತ ಬಿಸಿ ಇದ್ದರೂ ಬೆಳೆಯುವುದಿಲ್ಲ. ಇವೆರಡರ ನಡುವಿನ ಹೊತ್ತೇ ಅಪಾಯ. ಎರಡು ಗಂಟೆಗಿಂತ ಹೆಚ್ಚು ಅಲ್ಲಿ ಇರಬಾರದು, ಹವೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಮ್ಮ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು 42–43 ಮುಟ್ಟುತ್ತದೆ. ಸರ್ಕಾರಿ ಕಚೇರಿಗಳ ಹೊತ್ತನ್ನೇ ಮುಂಜಾನೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುವ ಊರು ಇದು. ಮಂದಿಗೆ ಕೆಲಸದ ಹೊತ್ತು ಬದಲಾಗುತ್ತದೆ, ಹೋಟೆಲ್‌ಗಳಲ್ಲಿ ಅನ್ನ ಇಡುವ ಹೊತ್ತು ಬದಲಾಗುವುದಿಲ್ಲ. ಭಟ್ಟಿ ಉರಿಯುವ ಅಡುಗೆಮನೆಯಂತೂ ಇನ್ನೂ ಬಿಸಿ.

ಇದೇ ಲೆಕ್ಕದಲ್ಲಿ ನೀವು ಹೇಳಿದ ಮಿರ್ಚಿ ಭಜ್ಜಿ ನೋಡಿ. ಹಿಟ್ಟಿನಲ್ಲಿ ಅದ್ದಿ 170–180 ಡಿಗ್ರಿ ಎಣ್ಣೆಗೆ ಬಿಟ್ಟು, ಎತ್ತಿ, ಎರಡು ನಿಮಿಷದಲ್ಲಿ ಕಾಗದದ ಮೇಲೆ ಇಟ್ಟು ಕೈಗೆ ಕೊಡುತ್ತಾರೆ. ಬೆಂದದ್ದಕ್ಕೂ ತಿಂದದ್ದಕ್ಕೂ ನಡುವೆ ರೋಗಾಣುವಿಗೆ ಬೆಳೆಯಲು ಸಮಯವೇ ಸಿಗಲಿಲ್ಲ. ಬಂಡಿಯ ಸುತ್ತ ಧೂಳಿರಬಹುದು, ಗಲ್ಲಾದ ಮೇಲೆ ನೊಣ ಇರಬಹುದು, ಆದರೂ ಕಣ್ಣೆದುರು ಕರಿದ ಭಜ್ಜಿ ಹೊಟ್ಟೆಗೆ ಬಿಸಿಬಿಸಿಯಾಗಿ ಬಿದ್ದಿದೆ. ನಿಮ್ಮ ಅನುಭವ ಸುಳ್ಳಲ್ಲ. ಹಾಗೆಂದು ಬಂಡಿಯೆಲ್ಲ ಒಳ್ಳೆಯದು, ಎ.ಸಿ. ಹೋಟೆಲ್ ಎಲ್ಲ ಕೆಟ್ಟದ್ದು ಎಂದಾಗುವುದಿಲ್ಲ. ಅದೇ ಬಂಡಿಯವರು ಮಧ್ಯಾಹ್ನ ಮೂರಕ್ಕೆ ಅರ್ಧ ಕರಿದು ಗುಡ್ಡೆ ಹಾಕಿದ ಆಲೂ ಬೋಂಡಾವನ್ನು ಸಂಜೆ ಏಳಕ್ಕೆ ಮತ್ತೆ ಎಣ್ಣೆಗೆ ಅದ್ದಿ ಕೊಟ್ಟರೆ, ಒಳಗಿನ ಆಲೂಗಡ್ಡೆಗೆ ನಾಲ್ಕು ಗಂಟೆಯಾಗಿದೆ. ಮೇಲೆ ಗರಿಗರಿ, ಒಳಗೆ ಉಗುರುಬೆಚ್ಚಗೆ. ಎಣ್ಣೆಯ ಮಾತು ಬೇರೆ. ಕಪ್ಪಾಗಿ ನೊರೆ ಕಟ್ಟುವ ಎಣ್ಣೆಯಿಂದ ಆ ರಾತ್ರಿಯೇ ವಾಂತಿಯಾಗದಿದ್ದರೂ ವರ್ಷಗಟ್ಟಲೆ ತಿಂದರೆ ಹೃದಯಕ್ಕೆ ಒಳ್ಳೆಯದಲ್ಲ. ಕರಿದೆಣ್ಣೆಯಲ್ಲಿ ಕೆಟ್ಟ ಅಂಶ ಶೇ 25 ದಾಟಿದರೆ ಬಳಸಬಾರದೆಂದು 2018ರ ಜುಲೈನಿಂದ ಕಾನೂನೇ ಇದೆ.

ದೊಡ್ಡ ಹೋಟೆಲ್‌ಗಳ ಇನ್ನೊಂದು ಒಳಗುಟ್ಟು ಗ್ರೇವಿ. ಮೆನುವಿನಲ್ಲಿ ನೂರಾರು ಪದಾರ್ಥ ಇದ್ದರೂ ಒಳಗಿರುವುದು ಮೂರ್ನಾಲ್ಕು ಬಗೆಯ ಬೇಸ್ ಗ್ರೇವಿ. ಬಿಳಿಯದು, ಕೆಂಪು, ಹಳದಿ. ದೊಡ್ಡ ಪಾತ್ರೆಯಲ್ಲಿ ಒಮ್ಮೆ ಮಾಡಿ, ಉಳಿದದ್ದನ್ನು ರಾತ್ರಿ ಬಾಗಿಲು ಹಾಕುವಾಗ ಬಿಸಿಯಿರುವಾಗಲೇ ಎತ್ತಿ ಫ್ರಿಜ್‌ಗೆ ನೂಕುತ್ತಾರೆ. ಹತ್ತಿಪ್ಪತ್ತು ಲೀಟರ್ ಗಟ್ಟಿ ಗ್ರೇವಿಯ ಅಂಚು ತಣ್ಣಗಾದರೂ ನಡುಭಾಗ ಬೆಳಗಿನ ತನಕ ಬೆಚ್ಚಗೇ ಇರುತ್ತದೆ. ಮೇಲೆ ಕೈ ಇಟ್ಟು ನೋಡಿ ‘ತಣ್ಣಗಾಗ್ಯಾದ’ ಎನ್ನುತ್ತಾರೆ. ನಾನು ತರಬೇತಿಯಲ್ಲಿ ಉದ್ದ ಕಡ್ಡಿಯ ಥರ್ಮಾಮೀಟರ್ ನಡುಮಧ್ಯಕ್ಕೆ ಇಳಿಸಿ ತೋರಿಸುತ್ತೇನೆ. ಅಂಚಿನಲ್ಲಿ ಒಂದು ಅಂಕಿ, ನಡುವೆ ಬೇರೆಯೇ ಅಂಕಿ ಕಂಡಾಗ ಹಳೆಯ ಅಡುಗೆಭಟ್ಟರೂ ಬಗ್ಗಿ ಇನ್ನೊಮ್ಮೆ ನೋಡುತ್ತಾರೆ. ಪರಿಹಾರ ಸುಲಭ. ನಾಲ್ಕು ಬೆರಳಿಗಿಂತ ಆಳವಿಲ್ಲದ ಅಗಲ ಟ್ರೇಗಳಿಗೆ ಹಂಚಿ, ಕೆಳಗೆ ಐಸ್ ನೀರಿಟ್ಟು ಬೇಗ ಆರಿಸಿ, ಆಮೇಲೆ ಫ್ರಿಜ್‌ಗಿಡಬೇಕು. 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕೆಂಬುದು ಈ ಕೆಲಸದ ನಿಯಮ. ಖರ್ಚು ಕೆಲವು ಟ್ರೇಗಳದ್ದಷ್ಟೇ. ಮಾಡುವವರು ಕಡಿಮೆ ಎಂಬುದೇ ನನ್ನ ಸಂಕಟ.

ಮಾಂಸದ ಅಡುಗೆಗೆ ಬಂದರೆ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬುದಿದೆ. ಅದೂ ಬೀಜಾಣುವಾಗಿ ಕುದಿತವನ್ನು ದಾಟಿ ಬರುತ್ತದೆ. ಅದಕ್ಕೆ ಅತಿ ಹಿತವಾದ ಉಷ್ಣತೆ 43ರಿಂದ 47 ಡಿಗ್ರಿ, ಅಂದರೆ ನಮ್ಮ ಮೇ ತಿಂಗಳ ಮಧ್ಯಾಹ್ನ. ಆ ಉಷ್ಣತೆಯಲ್ಲಿ ಹತ್ತು ನಿಮಿಷದ ಆಜುಬಾಜಿನಲ್ಲಿ ಎರಡು ಪಟ್ಟಾಗಿಬಿಡುತ್ತದೆ. ಬಿರಿಯಾನಿ, ತಹರಿಯ ಡೇಗು ದಮ್ ಬಿಚ್ಚಿದಾಗ ಸುರಕ್ಷಿತ. ಕೆಳಗೆ ಕೆಂಡವಿದ್ದು, ಮುಚ್ಚಳ ಮುಚ್ಚಿ, ಹಬೆ ಏಳುತ್ತಿದ್ದರೆ ತಡವಾದರೂ ಚಿಂತೆಯಿಲ್ಲ. ರಮಜಾನಿನಲ್ಲಿ ಹಲೀಮ್ ಭಟ್ಟಿಯ ಮೇಲೇ ಕುದಿಯುತ್ತಿರುತ್ತದೆ, ಅದೂ ಹಾಗೆಯೇ. ಒಂದು ಗಂಟೆಗೆ ಡೇಗು ಇಳಿಸಿ, ಕೆಂಡ ಆರಿ, ಸಂಜೆ ಐದಕ್ಕೆ ಅದೇ ಡೇಗಿನ ತಳದಿಂದ ಉಗುರುಬೆಚ್ಚಗಿನದನ್ನು ಬಗೆದು ಕೊಟ್ಟರೆ ಮಾತ್ರ ತಿನ್ನಬೇಡಿ. ಇದರ ಲಕ್ಷಣ ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಂಡಿದಂಥ ನೋವು, ಭೇದಿ. ಜ್ವರ, ವಾಂತಿ ಸಾಮಾನ್ಯವಾಗಿ ಇರುವುದಿಲ್ಲ. ಮದುವೆ, ಜಾತ್ರೆ ಊಟದಲ್ಲಿ ರಾತ್ರಿ ಮಾಡಿಟ್ಟ ಅಡುಗೆಯನ್ನು ಮರುದಿನ ಮಧ್ಯಾಹ್ನ ಬಡಿಸಿದಾಗ ನೂರಾರು ಜನಕ್ಕೆ ಒಟ್ಟಿಗೆ ಹೀಗಾಗುತ್ತದೆ.

ಇನ್ನು ಕೈ ಮತ್ತು ನೀರು. ಬೆಂದ ಮೇಲೆ ಮತ್ತೆ ಕೈ ಬೀಳುವ, ಹಸಿ ನೀರು ಸೇರುವ ಪದಾರ್ಥಗಳಿಗೆ ಈ ಗಂಟೆಗಳ ಲೆಕ್ಕ ಸಾಲುವುದಿಲ್ಲ. ಬೆಳಿಗ್ಗೆ ಆರಕ್ಕೆ ರುಬ್ಬಿದ ಕೊಬ್ಬರಿ ಚಟ್ನಿ, ಹಸಿ ಶೇಂಗಾ ಚಟ್ನಿ ಹನ್ನೊಂದಕ್ಕೂ ಬಕೆಟ್‌ನಲ್ಲೇ ಇರುತ್ತದೆ, ಗಟ್ಟಿಯಾದಾಗ ನಲ್ಲಿ ನೀರು ಸೇರುತ್ತದೆ. ಇಡ್ಲಿ ಹಬೆಯಲ್ಲಿ ಬೆಂದದ್ದು, ಅದಕ್ಕೆ ಅಪಾಯವಿಲ್ಲ. ಚಟ್ನಿಯೇ ಕೆಡಿಸುತ್ತದೆ. ನಮ್ಮ ಕಡೆಯ ಸುಸಲಾ ನನಗೂ ಬಹಳ ಇಷ್ಟ. ಚುರುಮುರಿಯನ್ನು ಹಸಿ ನೀರಿನಲ್ಲಿ ನೆನೆಸಿ, ಕೈಯಿಂದ ಹಿಂಡಿ ಒಗ್ಗರಣೆಗೆ ಹಾಕುತ್ತಾರೆ. ಆ ನೀರು ಎಲ್ಲಿಯದು, ಆ ಕೈ ತೊಳೆದದ್ದೇ ಎಂಬುದರ ಮೇಲೆ ಎಲ್ಲ ನಿಂತಿದೆ. ಮುಂಜಾನೆ ಮೊದಲ ಸುತ್ತಿನಲ್ಲೇ ತಿನ್ನಿ. ಪಾನಿಪೂರಿಯ ಪಾನಿ, ಬಿರಿಯಾನಿ ಜೊತೆ ಕೊಡುವ ಹಸಿ ಉಳ್ಳಾಗಡ್ಡಿ, ಮೊಸರು ಬಜ್ಜಿ ಇವೂ ಅದೇ ಸಾಲಿನವು. ನಿಂಬೆ ಹಿಂಡಿದರೆ ರೋಗಾಣು ಸಾಯುತ್ತದೆಂದು ನೆಚ್ಚಬೇಡಿ.

ಇಲ್ಲಿಗೆ ನಿಮ್ಮ ಮನೆಯವರ ಕಬ್ಬಿನ ಹಾಲು ಬಂತು. ಅವರಿಗೆ ಜ್ವರ ಬಂದದ್ದು ರವಿವಾರದ ಊಟದ ಸುಮಾರು 40 ಗಂಟೆ ಆದ ಮೇಲೆ. ಅವರು ತಿಂದ ಪನೀರನ್ನೇ ತಿಂದ ನಿಮಗೆ ಏನೂ ಆಗಿಲ್ಲ. ಫ್ರೈಡ್ ರೈಸ್ ಅವರು ಮುಟ್ಟಿಲ್ಲ. ಜ್ವರದ ಜೊತೆಗಿನ ಭೇದಿ ಬೇರೆ ಬಗೆಯ ಸೋಂಕು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ 6 ಗಂಟೆಯಿಂದ ಮೂರು ದಿನದೊಳಗೆ, ಶಿಗೆಲ್ಲಾ ಎಂಬುದಿದ್ದರೆ ಒಂದೆರಡು ದಿನಕ್ಕೆ ತೋರುತ್ತದೆ. ಸೋಮವಾರ ಸಂಜೆಯ ಐಸ್ ನೀರಿನ ಲೋಟ ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಕಬ್ಬಿಗಿಂತ ನನ್ನ ಅನುಮಾನ ಐಸ್ ಮೇಲೆ. ಗೋಣಿಚೀಲದಲ್ಲಿ ಸುತ್ತಿ ತಂದು, ಫುಟ್‌ಪಾತ್ ಮೇಲೆ ಮೊಳೆಯಿಂದ ಒಡೆಯುವ ಆ ಗಡ್ಡೆ ಬಹಳ ಸಲ ಮೀನು, ಹಾಲಿನ ಕ್ಯಾನ್ ತಂಪಿಡಲು ಮಾಡಿದ್ದು, ಕುಡಿಯುವ ನೀರಿನಿಂದ ಮಾಡಿದ್ದಲ್ಲ. ತಣ್ಣಗಿಟ್ಟ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಕಬ್ಬಿನ ಹಾಲು ಬೇಕೆನಿಸಿದರೆ ಐಸ್ ಇಲ್ಲದೆ, ಕಣ್ಣೆದುರು ಗಾಣಕ್ಕೆ ಕೊಟ್ಟು ಹಿಂಡಿದ್ದು ಕುಡಿಯಲಿ. ನಾವು ಕೊನೆಗೆ ತಿಂದದ್ದಕ್ಕೇ, ಇಲ್ಲವೆ ದೊಡ್ಡದಾಗಿ ನೆನಪಿರುವ ಊಟಕ್ಕೇ ದೋಷ ಹಚ್ಚುತ್ತೇವೆ. ಟೈಫಾಯ್ಡ್ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ನೀರು, ಊಟದಿಂದ ಬರುವ ಕಾಮಾಲೆ ಸುಮಾರು ನಾಲ್ಕು ವಾರ. ಅಷ್ಟು ಹಿಂದಿನ ಲೋಟ ಯಾರಿಗೂ ನೆನಪಿರುವುದಿಲ್ಲ.

ಶಾವರ್ಮಾ, ಮೊಮೊ ಜೊತೆ ಕೊಡುವ ಬಿಳಿ ಮೇಯನೇಸ್ ಬಗ್ಗೆ ನೀವು ಕೇಳಿಲ್ಲ, ಮಕ್ಕಳಿರುವ ಮನೆ ಎಂದು ಹೇಳುತ್ತಿದ್ದೇನೆ. ಅಂಗಡಿಯಲ್ಲೇ ಹಸಿ ಮೊಟ್ಟೆಯಿಂದ ಮಾಡಿದ್ದಾದರೆ ಬೇಡ ಎನ್ನಿ. ಅದು ಎಲ್ಲೂ ಬೇಯುವುದಿಲ್ಲ, ಸಾಲ್ಮೊನೆಲ್ಲಾ ಇದ್ದರೆ ಇದ್ದ ಹಾಗೇ ಹೊಟ್ಟೆಗೆ. ಕೇರಳ 2023ರಲ್ಲಿ, ಪಕ್ಕದ ತೆಲಂಗಾಣ ಹೈದರಾಬಾದಿನಲ್ಲಿ ಮೊಮೊ ತಿಂದ ಮಹಿಳೆಯೊಬ್ಬರು ತೀರಿಹೋದ ಮೇಲೆ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರಲ್ಲಿ ಇದನ್ನು ನಿಷೇಧಿಸಿದವು. ನಮ್ಮ ರಾಜ್ಯ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ತಡೆಯಿತು. ಅದು ಒಳ್ಳೆಯ ಕ್ರಮವೇ, ಆದರೆ ಬಣ್ಣವಿಲ್ಲದ ಕಬಾಬು ರೋಗಾಣು ಇಲ್ಲದ ಕಬಾಬು ಎಂದೇನೂ ಆಗುವುದಿಲ್ಲ. ಒಳಗೆ ಗುಲಾಬಿ ಬಣ್ಣ ಉಳಿದ ಕೋಳಿ ತುಂಡನ್ನು ಹಿಂದಿರುಗಿಸಿ.

ಯಾರನ್ನು ನಂಬಬೇಕೆಂದರೆ, ಗೋಡೆಯ ಹೊಳಪು ನೋಡಬೇಡಿ. ಗಿರಾಕಿ ಬರುವ ಹೊತ್ತು ನೋಡಿ. ಮಧ್ಯಾಹ್ನ ಒಂದಕ್ಕೆ ಜನ ಕಿಕ್ಕಿರಿದ ಖಾನಾವಳಿಯಲ್ಲಿ ಮಾಡಿದ್ದು ಮಾಡಿದಂತೆ ಖರ್ಚಾಗುತ್ತದೆ. ಹೆಂಚಿನಿಂದ ನೇರ ತಾಟಿಗೆ ಬೀಳುವ ಜೋಳದ ರೊಟ್ಟಿ, ಕುದಿಯುತ್ತಿರುವ ಬೇಳೆ, ಒಣ ಶೇಂಗಾ ಹಿಂಡಿ, ಇದಕ್ಕಿಂತ ನಿಶ್ಚಿಂತೆಯ ಊಟ ಹೊರಗೆ ಸಿಗುವುದು ಕಷ್ಟ. ಖಡಕ್ ರೊಟ್ಟಿಯಲ್ಲೂ ಒಣ ಹಿಂಡಿಯಲ್ಲೂ ನೀರಿನ ಪಸೆಯೇ ಇಲ್ಲ, ಬ್ಯಾಕ್ಟೀರಿಯಾ ಬೆಳೆಯಲಾರದು. ಪಾಕದಲ್ಲಿ ಅದ್ದಿದ ನಮ್ಮ ಮಾಲ್‌ಪುರಿಯಂಥ ಸಿಹಿಯಲ್ಲೂ ಸಕ್ಕರೆ ಆ ನೀರನ್ನು ಹಿಡಿದಿಡುತ್ತದೆ. ಖವಾದ ಪೇಡೆ, ಬಾಸುಂದಿ ಹಾಗಲ್ಲ. ಅವು ಕೈಯಿಂದ ಬರುವ ಸ್ಟ್ಯಾಫಿಲೋಕಾಕಸ್‌ಗೆ ಒಳ್ಳೆ ಜಾಗ, ಅದರ ವಿಷವೂ ಕುದಿಸಿದರೆ ಹೋಗುವಂಥದಲ್ಲ. ಅದೇ ಖಾನಾವಳಿಗೆ ಮಧ್ಯಾಹ್ನ ನಾಲ್ಕಕ್ಕೆ ಹೋಗಿ ಉಳಿದ ಪಲ್ಯ, ಆರಿದ ಅನ್ನ ತಿಂದರೆ ಲೆಕ್ಕ ತಿರುಗಿಬಿಡುತ್ತದೆ. ಮೆನು ಉದ್ದವಿದ್ದು ಟೇಬಲ್ ಖಾಲಿ ಇರುವ ಹೋಟೆಲ್‌ನಲ್ಲಿ ಜನ ಹೆಚ್ಚು ಕೇಳದ ಪದಾರ್ಥ ತರಿಸಬೇಡಿ, ಅದರ ಸಾಮಾನು ಎಂದಿನದೋ. ವೇಟರ್ ಲೋಟದೊಳಗೆ ಬೆರಳು ಅದ್ದಿ ಎತ್ತುತ್ತಾನೋ, ಮೇಜು ಒರೆಸಿದ ಅರಿವೆಯಿಂದಲೇ ತಾಟು ಒರೆಸುತ್ತಾನೋ, ಕೆಲಸದವರು ಕೈ ತೊಳೆಯುವ ಕಡೆ ಸಾಬೂನಿದೆಯೋ, ಇವು ಕೂತಲ್ಲಿಂದಲೇ ಕಾಣುತ್ತವೆ. ಎದುರಿಗೆ ಕಾಣುವ ಕೈ ಹೀಗಿದ್ದರೆ ಒಳಗಿನದನ್ನು ಅಂದಾಜು ಮಾಡಬಹುದು. ‘ಅನ್ನ ಯಾವಾಗ ಮಾಡಿದ್ದು?’ ಎಂದು ಕೇಳಲು ನಾಚಬೇಡಿ. ಉತ್ತರ ತಡವರಿಸಿದರೆ ರೊಟ್ಟಿ ಹೇಳಿ.

ಅತ್ತೆಯವರಿಗೆ ಶುಗರ್ ಇರುವುದರಿಂದ ಅವರ ಎಚ್ಚರ ಸರಿಯೇ ಇದೆ. ಶುಗರ್ ಇದ್ದವರು, ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಇವರಿಗೆ ಇದೇ ಸೋಂಕು ಬಹಳ ಬೇಗ ಬಿಗಡಾಯಿಸುತ್ತದೆ. ಅವರು ಅಂದು ಹೇಳಿದ ರೊಟ್ಟಿ, ದಾಲ್ ಒಳ್ಳೆಯ ಆಯ್ಕೆ. ಆದರೆ ಹೊರಗಿನ ಊಟ ಬಂದ್ ಮಾಡಿದರೆ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಡಿ. ಮನೆಯಲ್ಲಿ ರಾತ್ರಿಯ ಅನ್ನವನ್ನು ಕಟ್ಟೆಯ ಮೇಲೇ ಬಿಟ್ಟು ಮುಂಜಾನೆ ಚಿತ್ರಾನ್ನ ಮಾಡಿದರೆ ಅದೂ ಆ ಹೋಟೆಲ್‌ನ ಫ್ರೈಡ್ ರೈಸೇ. ಉಳಿದ ಅನ್ನವನ್ನು ತಾಟಿನಲ್ಲಿ ಹರಡಿ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್‌ಗಿಡಿ. ಪಾರ್ಸೆಲ್ ತಂದ ಬಿರಿಯಾನಿಯನ್ನೂ ಟೇಬಲ್ ಮೇಲೆ ಮರೆಯಬೇಡಿ. ಕರೆಂಟ್ ಹೋಗಿ ಫ್ರಿಜ್ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಒಳಗಿನ ಬೇಯಿಸಿದ ಪದಾರ್ಥ ಚೆಲ್ಲಿಬಿಡಿ.

ದೂರು ಕೊಡಿ, ಖಂಡಿತ ಕೊಡಿ. ಕಲಬುರಗಿ ಜಿಲ್ಲೆಗೆ ಆಹಾರ ಸುರಕ್ಷತೆಯ ಅಂಕಿತಾಧಿಕಾರಿ ಇರುತ್ತಾರೆ, ಅವರಿಗೆ ಬರೆದು ಕೊಡಬಹುದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 1800112100 ಸಂಖ್ಯೆಗೆ ಫೋನ್ ಮಾಡಬಹುದು, ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ದಾಖಲಿಸಬಹುದು. ಅಂದಿನ ಬಿಲ್ ಇದ್ದರೆ ಅದರ ಮೇಲೆ 14 ಅಂಕಿಯ ಸಂಖ್ಯೆ ಇದೆಯೇ ನೋಡಿ, 2022ರ ಜನವರಿಯಿಂದ ಅದು ಕಡ್ಡಾಯ. ಆ ಸಂಖ್ಯೆ ಇದ್ದರೆ ಹೋಟೆಲ್‌ಗೆ ಪರವಾನಗಿ ಇದೆ ಎಂದರ್ಥ, ಇವತ್ತಿನ ಅಡುಗೆಮನೆ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಮಿನಲ್ಲಿ ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ತೊಂದರೆಗೆ 1 ಲಕ್ಷದವರೆಗೆ ಪರಿಹಾರ ಇದೆ. ಆದರೆ ರವಿವಾರದ ಅನ್ನ ಈಗ ಎಲ್ಲಿಯೂ ಇಲ್ಲ, ನಿಮ್ಮ ಪ್ರಕರಣದಲ್ಲಿ ಪ್ರಯೋಗಾಲಯದ ಸಾಕ್ಷ್ಯ ಸಿಗುವುದು ಕಷ್ಟ. ಮುಂದೆಂದಾದರೂ ಹೀಗಾದರೆ ಉಳಿದ ಪಾರ್ಸೆಲ್ ಚೆಲ್ಲಬೇಡಿ. ಸ್ವಚ್ಛ ಡಬ್ಬಿಗೆ ಹಾಕಿ, ತಾರೀಖು ಬರೆದು, ಬೇರೆ ಯಾರೂ ತಿನ್ನದಂತೆ ಫ್ರಿಜ್‌ನಲ್ಲಿಟ್ಟು ಅಧಿಕಾರಿಗೆ ತಿಳಿಸಿ. ಅದೇ ಕಾಯ್ದೆಯ 40ನೇ ಕಲಮಿನಂತೆ, ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿ, ಶುಲ್ಕ ಕಟ್ಟಿ ಗಿರಾಕಿಯೇ ಪದಾರ್ಥವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ.

ಸಾಕ್ಷ್ಯ ಇಲ್ಲವೆಂದು ಸುಮ್ಮನಿರಬೇಡಿ. ಅದೇ ರಾತ್ರಿ ಅದೇ ಅನ್ನ ತಿಂದ ಇನ್ನೊಂದು ಮನೆಯವರೂ ದೂರು ಕೊಟ್ಟಿದ್ದರೆ ನಿಮ್ಮ ಪತ್ರ ಅದಕ್ಕೆ ಬಲವಾಗುತ್ತದೆ. ನಿಮ್ಮ ಮನೆಯವರ ಜ್ವರವನ್ನು ಇದರಲ್ಲಿ ಸೇರಿಸಬೇಡಿ, ಅದು ಬೇರೆ ಮೂಲದ್ದೆಂದು ಕಾಣುತ್ತದೆ, ಸೇರಿಸಿದರೆ ಹೋಟೆಲ್‌ನವರು ಅದನ್ನೇ ಹಿಡಿದು ನಿಮ್ಮ ಮಾತನ್ನೆಲ್ಲ ತಳ್ಳಿಹಾಕುತ್ತಾರೆ. ಮೂವರ ವಾಂತಿ, ಮೂವರೂ ತಿಂದದ್ದು ಒಂದೇ ಪದಾರ್ಥ, ಊಟದ ಹೊತ್ತು, ವಾಂತಿ ಶುರುವಾದ ಹೊತ್ತು, ಅದನ್ನು ತಿನ್ನದ ಮೂವರು ಆ ರಾತ್ರಿ ಆರಾಮಿದ್ದದ್ದು, ಇಷ್ಟನ್ನು ಬರೆಯಿರಿ. ಕೊನೆಗೆ ಒಂದು ಸಾಲು ಸೇರಿಸಿ. ಅಧಿಕಾರಿಗಳು ಸಂಜೆ ಏಳರ ಸುಮಾರಿಗೆ ಹೋಗಿ, ಫ್ರೈಡ್ ರೈಸ್‌ಗೆ ತೆಗೆದಿಟ್ಟ ಅನ್ನ ಎಲ್ಲಿದೆ, ಎಷ್ಟು ಗಂಟೆಗೆ ಮಾಡಿದ್ದು, ಅದರ ನಡುಮಧ್ಯದ ಉಷ್ಣತೆ ಎಷ್ಟು ಎಂದು ನೋಡಲಿ.